ಕಾಗುಣಿತ ಸರಿ, ಓದು ತಪ್ಪು: ನ್ಯೂರೋಎಂಡೋಕ್ರೈನ್ ಗೆಡ್ಡೆಗಳ ಜೀನ್‌ಗಳು ಹೇಳುತ್ತಿರುವುದೇನು?

ಸೂಕ್ಷ್ಮದರ್ಶಕದ ಕೆಳಗೆ ಒಂದು ಗಾಜಿನ ಸ್ಲೈಡು. ಅದರ ಮೇಲೆ ಮೇದೋಜೀರಕ ಗ್ರಂಥಿಯಿಂದ ತೆಗೆದ ಗೆಡ್ಡೆಯ ತೆಳು ಪದರ. ಡ್ಯಾಕ್ಸ್ ಎಂಬ ಪ್ರೋಟೀನು ಎಲ್ಲಿದೆಯೋ ಅಲ್ಲಿ ಕಂದು ಬಣ್ಣ ಹಿಡಿಯುವಂತೆ ಸ್ಲೈಡಿಗೆ ಬಣ್ಣ ಹಾಕಲಾಗಿದೆ. ಇಲ್ಲದ ಕಡೆ ಕೋಶಕೇಂದ್ರ ನೀಲಿಯಾಗಿಯೇ ಉಳಿಯುತ್ತದೆ. ಕಣ್ಣಿಟ್ಟು ನೋಡಿದರೆ ಗೆಡ್ಡೆಯ ಕೋಶಗಳು ಒಂದೂ ಬಿಡದೆ ನೀಲಿ. ಅವುಗಳ ನಡುವೆ ಹಾದುಹೋದ ಪುಟ್ಟ ರಕ್ತನಾಳದ ಗೋಡೆಯಲ್ಲಿ ಮಾತ್ರ ನಾಲ್ಕೈದು ಕಂದು ಚುಕ್ಕೆ. ರೋಗಶಾಸ್ತ್ರಜ್ಞರ ಕಣ್ಣು ಮೊದಲು ಹುಡುಕುವುದು ಆ ನಾಲ್ಕೈದು ಚುಕ್ಕೆಗಳನ್ನೇ. ಅವೂ ಇಲ್ಲದಿದ್ದರೆ ಬಣ್ಣವೇ ಹಿಡಿದಿಲ್ಲ, ಸ್ಲೈಡು ಕೆಟ್ಟಿದೆ ಎಂದರ್ಥ. ಅವು ಇದ್ದು ಸುತ್ತಲಿನ ಗೆಡ್ಡೆ ಮಾತ್ರ ನೀಲಿಯಾಗಿದ್ದರೆ, ಗೆಡ್ಡೆ ಡ್ಯಾಕ್ಸ್ ಅನ್ನು ಕಳೆದುಕೊಂಡಿದೆ. ಅಂಥ ಗೆಡ್ಡೆಯನ್ನು ಪೂರ್ತಿ ಕತ್ತರಿಸಿ ತೆಗೆದ ಮೇಲೂ ಮರುಕಳಿಸುವ ಭಯ ಹೆಚ್ಚು.

ಡ್ಯಾಕ್ಸ್ ಹಾರ್ಮೋನ್ ತಯಾರಿಸುವುದಿಲ್ಲ. ಎರಡಾಗಿ ಒಡೆ ಎಂದು ಕೋಶಕ್ಕೆ ಆಜ್ಞೆ ಕೊಡುವುದೂ ಅದರ ಕೆಲಸವಲ್ಲ. ಡಿಎನ್‌ಎಯನ್ನು ಸುತ್ತಿಡುವ ಕೆಲಸಕ್ಕೆ ಕೈಜೋಡಿಸುವ ಆಳು ಅದು, ಅಷ್ಟೇ. ಅಂಥದ್ದೊಂದು ಇಲ್ಲವಾದರೆ ಕ್ಯಾನ್ಸರ್ ಏಕೆ ಮರಳಿ ಬರಬೇಕು? ಈ ಪ್ರಶ್ನೆಯ ಬೆನ್ನು ಹತ್ತಿದರೆ 2011ರಿಂದೀಚೆಗೆ ನ್ಯೂರೋಎಂಡೋಕ್ರೈನ್ ಗೆಡ್ಡೆಗಳ ಸಂಶೋಧನೆ ಹಿಡಿದ ದಾರಿಯೇ ಕಣ್ಣಿಗೆ ಬೀಳುತ್ತದೆ. ನನಗೆ ಕಂಡ ಹಾಗೆ ಅದರ ತಿರುಳು ಇಷ್ಟು: ಈ ಗೆಡ್ಡೆಗಳ ಜೀನ್‌ಗಳಲ್ಲಿ ಕಾಗುಣಿತದ ತಪ್ಪುಗಳು, ಅಂದರೆ ಡಿಎನ್‌ಎ ಅಕ್ಷರಗಳ ದೋಷಗಳು, ಕಡಿಮೆ. ಇರುವ ಕೆಲವೇ ತಪ್ಪುಗಳೂ ಹೆಚ್ಚಾಗಿ ಬಿದ್ದಿರುವುದು, ಉಳಿದ ಜೀನ್‌ಗಳನ್ನು ಎಲ್ಲಿ, ಎಷ್ಟು ಓದಬೇಕು ಎಂದು ನಿರ್ಧರಿಸುವ ಜೀನ್‌ಗಳ ಮೇಲೆ. ಹಾಗಾಗಿ ಅಕ್ಷರಗಳನ್ನಷ್ಟೇ ಎಣಿಸುತ್ತ ಕೂತರೆ ಈ ರೋಗ ಅರ್ಥವಾಗುವುದಿಲ್ಲ; ಕೋಶ ಏನನ್ನು ಓದುತ್ತಿದೆ ಎಂದು ನೋಡಬೇಕು. ಜೀನ್ ಎಕ್ಸ್‌ಪ್ರೆಶನ್ ಎಂದು ಕರೆಯುವುದು ಇದನ್ನೇ.

'ಕ್ಯಾನ್ಸರ್‌ನಂಥದ್ದು'

ಕರುಳಿನ ಒಳಪದರ, ಶ್ವಾಸನಾಳ, ಮೇದೋಜೀರಕ ಗ್ರಂಥಿಯೊಳಗಿನ ಪುಟ್ಟ ದ್ವೀಪಗಳು, ಅಡ್ರಿನಲ್ ಗ್ರಂಥಿ, ಹೀಗೆ ದೇಹದ ಹಲವು ಕಡೆ ಒಂದು ಬಗೆಯ ಕೋಶಗಳು ಚದುರಿಕೊಂಡಿವೆ. ನರಕೋಶದಂತೆ ಸಂಕೇತ ಹಿಡಿಯುತ್ತವೆ, ಗ್ರಂಥಿಯಂತೆ ಹಾರ್ಮೋನ್ ಸುರಿಸುತ್ತವೆ. ಇವುಗಳಿಂದ ಹುಟ್ಟುವ ಗೆಡ್ಡೆಗಳೇ ನ್ಯೂರೋಎಂಡೋಕ್ರೈನ್ ಗೆಡ್ಡೆಗಳು. 1907ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿದ್ದ ರೋಗಶಾಸ್ತ್ರಜ್ಞ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್ ಸಣ್ಣ ಕರುಳಿನ ಇಂಥ ಗೆಡ್ಡೆಗಳಿಗೆ 'ಕಾರ್ಸಿನಾಯ್ಡ್' ಎಂದು ಹೆಸರಿಟ್ಟರು; ಕ್ಯಾನ್ಸರ್‌ನಂಥದ್ದು ಎಂದು ಅರ್ಥ. ನೋಡಲು ಕ್ಯಾನ್ಸರ್, ನಡತೆ ಸಾಧು ಎಂದು ಅವರಿಗೆ ತೋರಿತ್ತು. 1929ರ ಹೊತ್ತಿಗೆ ಅವರೇ, ಇವು ಹರಡಲೂಬಹುದು ಎಂದು ತಿದ್ದಿಕೊಂಡರು. ತಿದ್ದುಪಡಿಯನ್ನು ಲೋಕ ಮರೆಯಿತು, ಹೆಸರು ಅಂಟಿಕೊಂಡಿತು. ಅದರ ಜೊತೆಗೆ 'ಪಾಪದ ಗೆಡ್ಡೆ' ಎಂಬ ಉದಾಸೀನವೂ.

ಅಪರೂಪ ಎನ್ನುವ ಮಾತೂ ಈಗ ಪೂರ್ತಿ ನಿಜವಲ್ಲ. ಅಮೆರಿಕದ ಕ್ಯಾನ್ಸರ್ ನೋಂದಣಿಯ ಲೆಕ್ಕದಲ್ಲಿ 1973ರಲ್ಲಿ ಒಂದು ಲಕ್ಷ ಜನರಿಗೆ ವರ್ಷಕ್ಕೆ 1.09 ಹೊಸ ಪ್ರಕರಣ ಇದ್ದದ್ದು 2012ಕ್ಕೆ 6.98 ಆಯಿತು. ಸ್ಕ್ಯಾನ್, ಎಂಡೋಸ್ಕೋಪಿಗಳು ಹೆಚ್ಚಿ, ಬೇರೆ ಯಾವುದಕ್ಕೋ ಹುಡುಕುವಾಗ ಇವು ಸಿಗುತ್ತಿರುವುದು ಈ ಏರಿಕೆಗೆ ದೊಡ್ಡ ಕಾರಣ. ಸ್ಟೀವ್ ಜಾಬ್ಸ್‌ಗೆ ಇದ್ದದ್ದು ಮೇದೋಜೀರಕದ ಇಂಥದೇ ಗೆಡ್ಡೆ; ಸುದ್ದಿಯಲ್ಲಿ ಅದು ಬರೀ 'ಪ್ಯಾಂಕ್ರಿಯಾಟಿಕ್ ಕ್ಯಾನ್ಸರ್' ಆಯಿತು. ಎರಡಕ್ಕೂ ಅಜಗಜಾಂತರ. 2018ರಲ್ಲಿ ನಟ ಇರ್ಫಾನ್ ಖಾನ್ ತಮ್ಮ ಕಾಯಿಲೆಯ ಹೆಸರು ಹೇಳಿಕೊಂಡಾಗ, 'ನ್ಯೂರೋ' ಎಂದಾಕ್ಷಣ ಮಿದುಳಿನದೇ ಆಗಬೇಕಿಲ್ಲ ಎಂದು ಅವರೇ ವಿವರಿಸಬೇಕಾಯಿತು.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಗೆಹರಿಸಿಕೊಳ್ಳೋಣ. ಇದು ಒಂದು ರೋಗವಲ್ಲ, ಎರಡು ಕುಲ. ಒಂದರಲ್ಲಿ ಕೋಶಗಳು ಇನ್ನೂ ತಮ್ಮ ಮೂಲದ ಚಹರೆ ಉಳಿಸಿಕೊಂಡಿರುತ್ತವೆ, ನಿಧಾನಕ್ಕೆ ಬೆಳೆಯುತ್ತವೆ. ವಿಭಜನೆಯಲ್ಲಿ ತೊಡಗಿದ ಕೋಶಗಳನ್ನು ತೋರಿಸುವ ಕೆಐ-67 ಎಂಬ ಗುರುತು ನೂರಕ್ಕೆ ಮೂರಕ್ಕಿಂತ ಕಡಿಮೆ ಕೋಶಗಳಲ್ಲಿದ್ದರೆ ಮೊದಲ ದರ್ಜೆ, 20ರವರೆಗೆ ಎರಡನೆಯದು, ಅದಕ್ಕೂ ಮೇಲೆ ಮೂರನೆಯದು. ಇನ್ನೊಂದು ಕುಲ ನ್ಯೂರೋಎಂಡೋಕ್ರೈನ್ ಕಾರ್ಸಿನೋಮಾ. ಶ್ವಾಸಕೋಶದ ಸ್ಮಾಲ್ ಸೆಲ್ ಕ್ಯಾನ್ಸರ್ ಇದರ ಹತ್ತಿರದ ನೆಂಟ. ಅಲ್ಲಿ ಟಿಪಿ53, ಆರ್‌ಬಿ1 ಎಂಬ ಎರಡು ಕಾವಲು ಜೀನ್‌ಗಳು ಮುರಿದಿರುವುದು ಸಾಮಾನ್ಯ. 2015ರಲ್ಲಿ ಸ್ಮಾಲ್ ಸೆಲ್ ಕ್ಯಾನ್ಸರ್‌ನ 110 ಗೆಡ್ಡೆಗಳ ಇಡೀ ಜೀನೋಮ್ ಓದಿದಾಗ ಈ ಎರಡೂ ಹೆಚ್ಚುಕಡಿಮೆ ಎಲ್ಲದರಲ್ಲೂ ಹೋಗಿದ್ದವು. ಮೊದಲ ಕುಲದಲ್ಲಿ ಈ ಜೋಡಿ ಮುರಿಯುವುದು ವಿರಳ. ಕೆಐ-67 ಎಷ್ಟೇ ಏರಿದರೂ ಒಂದು ಕುಲ ಇನ್ನೊಂದಾಗುವುದು ಅಪರೂಪ ಎಂಬ ತಿಳಿವಳಿಕೆ ಬಂದದ್ದೇ ಜೀನ್‌ಗಳನ್ನು ಓದಿದ ಮೇಲೆ.

ಹತ್ತು ಗೆಡ್ಡೆಗಳಿಂದ ಸಿಕ್ಕ ಸುಳಿವು

2011ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ತಂಡವೊಂದು ಮೇದೋಜೀರಕದ ಹತ್ತು ನ್ಯೂರೋಎಂಡೋಕ್ರೈನ್ ಗೆಡ್ಡೆಗಳಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳನ್ನೆಲ್ಲ ಓದಿ, ಸಿಕ್ಕಿದ್ದನ್ನು ಇನ್ನೂ 58 ಗೆಡ್ಡೆಗಳಲ್ಲಿ ಹುಡುಕಿತು. ಹತ್ತು ಎಂಬುದು ಇವತ್ತು ನಗುವಷ್ಟು ಸಣ್ಣ ಸಂಖ್ಯೆ. ಆದರೂ ಚಿತ್ರ ಸ್ಪಷ್ಟವಾಗಿತ್ತು: ನೂರಕ್ಕೆ 44ರಲ್ಲಿ ಎಂಇಎನ್1 ಜೀನ್ ಮುರಿದಿತ್ತು, 43ರಲ್ಲಿ ಡ್ಯಾಕ್ಸ್ ಅಥವಾ ಅದರ ಜೊತೆಗಾರ ಎಟಿಆರ್‌ಎಕ್ಸ್. ಒಂದೇ ಗೆಡ್ಡೆಯಲ್ಲಿ ಡ್ಯಾಕ್ಸ್, ಎಟಿಆರ್‌ಎಕ್ಸ್ ಎರಡೂ ಒಟ್ಟಿಗೆ ಮುರಿದಿರಲಿಲ್ಲ. ಜೋಡಿಯಾಗಿ ದುಡಿಯುವ ಇಬ್ಬರಲ್ಲಿ ಒಬ್ಬನನ್ನು ತೆಗೆದರೆ ಕೆಲಸ ನಿಲ್ಲುತ್ತದೆ, ಇನ್ನೊಬ್ಬನನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ ಎಂಬುದರ ಲಕ್ಷಣ ಅದು. ಮೇದೋಜೀರಕದ ಮಾಮೂಲಿ ಕ್ಯಾನ್ಸರ್‌ನಲ್ಲಿ ಎಲ್ಲೆಲ್ಲೂ ಕಾಣುವ ಕೆರಾಸ್ ಜೀನಿನ ದೋಷ ಇಲ್ಲಿ ಹುಡುಕಿದರೂ ಸಿಗಲಿಲ್ಲ.

2017ರಲ್ಲಿ ಅಂತರರಾಷ್ಟ್ರೀಯ ತಂಡವೊಂದು 102 ಗೆಡ್ಡೆಗಳ ಇಡೀ ಜೀನೋಮ್ ಓದಿತು. ಹತ್ತು ಲಕ್ಷ ಅಕ್ಷರಗಳಿಗೆ ಸರಾಸರಿ ಒಂದು ತಪ್ಪೂ ಇರಲಿಲ್ಲ. ಬಿಸಿಲಿನಿಂದ ಹುಟ್ಟುವ ಚರ್ಮದ ಕ್ಯಾನ್ಸರ್ ಮೆಲನೋಮಾದಲ್ಲಿ ಅಷ್ಟೇ ಉದ್ದದ ಡಿಎನ್‌ಎಯಲ್ಲಿ ಹತ್ತಾರು ತಪ್ಪು ಸಿಗುತ್ತವೆ. ಇದೇ ಅಧ್ಯಯನದ ಇನ್ನೊಂದು ಮಾತು ವೈದ್ಯರ ಕಿವಿ ನಿಮಿರಿಸಿತು: ಕುಟುಂಬದಲ್ಲಿ ರೋಗದ ಇತಿಹಾಸವೇ ಇಲ್ಲ ಎನಿಸಿದ ರೋಗಿಗಳಲ್ಲೂ ನೂರಕ್ಕೆ 17 ಮಂದಿ ಹುಟ್ಟಿನಿಂದಲೇ ಒಂದು ದೋಷ ಹೊತ್ತಿದ್ದರು. ವಂಶದಲ್ಲಿ ಗೆಡ್ಡೆ ತರುತ್ತವೆಂದು ಮೊದಲೇ ಗೊತ್ತಿದ್ದ ಎಂಇಎನ್1 ಮತ್ತು ವಿಎಚ್‌ಎಲ್ ಜೀನ್‌ಗಳ ದೋಷ ನಿರೀಕ್ಷಿತ. ಡಿಎನ್‌ಎ ರಿಪೇರಿಯ ಎಂಯುಟಿವೈಎಚ್, ಸಿಎಚ್‌ಇಕೆ2, ಬಿಆರ್‌ಸಿಎ2 ಜೀನ್‌ಗಳನ್ನು ಯಾರೂ ಇಲ್ಲಿ ಎದುರುನೋಡಿರಲಿಲ್ಲ.

ಸಣ್ಣ ಕರುಳಿನ ಗೆಡ್ಡೆಗಳು ಇನ್ನೂ ಖಾಲಿ. 2013ರಲ್ಲಿ ಓದಿದ 180 ಗೆಡ್ಡೆಗಳಲ್ಲಿ ಮತ್ತೆ ಮತ್ತೆ ಮುರಿದದ್ದು ಎಂದು ಎದ್ದುಕಂಡದ್ದು ಸಿಡಿಕೆಎನ್1ಬಿ ಒಂದೇ, ಅದೂ ನೂರಕ್ಕೆ ಎಂಟರಲ್ಲಿ. ಉಳಿದಂತೆ, ಅರ್ಧಕ್ಕೂ ಹೆಚ್ಚು ಗೆಡ್ಡೆಗಳಲ್ಲಿ 18ನೇ ವರ್ಣತಂತುವಿನ ಒಂದು ಪ್ರತಿ ಕಾಣೆಯಾಗಿರುತ್ತದೆ. ಯಕೃತ್ತಿನ ತುಂಬ ಹರಡಿ ನಿಂತ ಕ್ಯಾನ್ಸರ್ ಒಂದರ ಜೀನೋಮ್ ಪಟ್ಟಿ ಹೀಗೆ ಬರಿದಾಗಿರುವುದನ್ನು ನೋಡಿದರೆ, ಕಳ್ಳತನವಾಗಿದೆ ಆದರೆ ಬೀಗ ಮುರಿದಿಲ್ಲ ಎನ್ನುವ ಮನೆಯ ನೆನಪಾಗುತ್ತದೆ.

ಬಿಚ್ಚಿ ಓದು ಎಂಬ ಗುರುತು

ನಮ್ಮ ಮೈಯ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಇರುವುದು ಒಂದೇ ಗ್ರಂಥ. ಕಣ್ಣಿನ ಕೋಶ ಕಣ್ಣಾಗುವುದು, ಕರುಳಿನದು ಕರುಳಾಗುವುದು ಅದರಲ್ಲಿ ಯಾವ ಪುಟ ಓದುತ್ತದೆ ಎಂಬುದರಿಂದ. ಡಿಎನ್‌ಎಯನ್ನು ತಾಳೆಗರಿಯ ಕಟ್ಟಿಗೆ ಹೋಲಿಸಿದರೆ ತಪ್ಪಾಗಲಾರದು: ಹಿಸ್ಟೋನ್ ಎಂಬ ಪ್ರೋಟೀನುಗಳ ಸುತ್ತ ಅದನ್ನು ಬಿಗಿದು ಸುತ್ತಿಟ್ಟಿರುತ್ತದೆ, ದಾರ ಬಿಚ್ಚದೆ ಒಳಗಿನ ಗರಿ ಓದಲಾಗದು. ಎಲ್ಲಿ ಬಿಚ್ಚಬೇಕು ಎಂದು ತಿಳಿಸಲು ಹಿಸ್ಟೋನ್‌ಗಳ ಮೇಲೆ ರಾಸಾಯನಿಕ ಗುರುತುಗಳಿರುತ್ತವೆ.

ಎಂಇಎನ್1 ಜೀನ್ ತಯಾರಿಸುವ ಮೆನಿನ್ ಎಂಬ ಪ್ರೋಟೀನು ಕೆಲಸ ಮಾಡುವುದು ಇಲ್ಲಿ. ಒಂದೇ ಕುಟುಂಬದಲ್ಲಿ ಪ್ಯಾರಾಥೈರಾಯ್ಡ್, ಪಿಟ್ಯೂಟರಿ, ಮೇದೋಜೀರಕ ಮೂರರಲ್ಲೂ ಗೆಡ್ಡೆಗಳು ಏಳುವ ಕಾಯಿಲೆಯನ್ನು 1954ರಲ್ಲೇ ಪಾಲ್ ವರ್ಮರ್ ಎಂಬ ವೈದ್ಯರು ವಂಶಪಾರಂಪರ್ಯದ್ದೆಂದು ಗುರುತಿಸಿದ್ದರು. ಆ ಜೀನ್ 11ನೇ ವರ್ಣತಂತುವಿನ ಮೇಲೆ ಕೈಗೆ ಸಿಕ್ಕಿದ್ದು 1997ರಲ್ಲಿ. ಸಿಕ್ಕಿದ ಮೇಲೂ ಪೇಚಾಟ ತಪ್ಪಲಿಲ್ಲ. ಮೆನಿನ್ ಆಗ ಗೊತ್ತಿದ್ದ ಯಾವ ಪ್ರೋಟೀನನ್ನೂ ಹೋಲುತ್ತಿರಲಿಲ್ಲ, ಅದರ ಕಸುಬೇನೆಂದು ತಿಳಿಯಲು ವರ್ಷಗಳೇ ಹಿಡಿದವು. ಹಿಸ್ಟೋನ್‌ಗಳ ಮೇಲೆ 'ಇಲ್ಲಿ ಬಿಚ್ಚಿ ಓದು' ಎಂಬ ಗುರುತು ಹಾಕುವ ತಂಡವೊಂದರ ಸದಸ್ಯ ಅದು ಎಂದು ಕೊನೆಗೆ ತಿಳಿಯಿತು. ಆ ತಂಡ ಗುರುತು ಹಾಕುವ ಜಾಗಗಳಲ್ಲಿ ಕೋಶವಿಭಜನೆಗೆ ಬ್ರೇಕ್ ಹಾಕುವ ಎರಡು ಜೀನ್‌ಗಳೂ ಇವೆ. ಅವುಗಳಲ್ಲೊಂದು ಪಿ27 ಎಂಬ ಪ್ರೋಟೀನಿನ ಜೀನ್. ಮೆನಿನ್ ಹೋದರೆ ಪಿ27ರ ಪುಟ ಇದ್ದಲ್ಲೇ ಇರುತ್ತದೆ, ಒಂದಕ್ಷರ ಅಳಿಸಿರುವುದಿಲ್ಲ. ಆದರೆ ಅದನ್ನು ತೆರೆಯುವವರಿಲ್ಲ.

ಈಗ ಸಣ್ಣ ಕರುಳಿನ ಗೆಡ್ಡೆಗಳಲ್ಲಿ ಮುರಿದದ್ದು ಯಾವ ಜೀನ್ ಎಂದು ನೆನಪಿಸಿಕೊಳ್ಳಿ: ಸಿಡಿಕೆಎನ್1ಬಿ. ಪಿ27 ತಯಾರಿಸುವ ಜೀನ್ ಅದೇ! ಒಂದು ಅಂಗದಲ್ಲಿ ಪುಟ ಮುಚ್ಚಿಹೋಗಿದೆ, ಇನ್ನೊಂದರಲ್ಲಿ ಪುಟವೇ ಹರಿದಿದೆ. ಎರಡೂ ಕಡೆ ಬ್ರೇಕ್ ಇಲ್ಲ. ಇದಕ್ಕೆ ಮೂರನೆಯ ಸಾಕ್ಷಿ ಬಂದದ್ದು ಇಲಿಗಳಿಂದ. ಪ್ರಯೋಗಾಲಯದ ಇಲಿಗಳ ಒಂದು ವಂಶದಲ್ಲಿ ತಮ್ಮಷ್ಟಕ್ಕೆ ಇಂಥ ಗೆಡ್ಡೆಗಳು ಏಳುತ್ತಿದ್ದವು, ಎಂಇಎನ್1 ಮಾತ್ರ ನೆಟ್ಟಗಿತ್ತು. ದೋಷ ಸಿಡಿಕೆಎನ್1ಬಿಯಲ್ಲಿದೆ ಎಂದು 2006ರಲ್ಲಿ ಬಯಲಾಯಿತು. ಅದರ ಬೆನ್ನಿಗೇ ಎಂಇಎನ್1 ಸರಿಯಿದ್ದೂ ಅದೇ ಬಗೆಯ ಗೆಡ್ಡೆಗಳಿದ್ದ ಮನುಷ್ಯರಲ್ಲೂ ಆ ದೋಷ ಸಿಕ್ಕಿ, ಕಾಯಿಲೆಗೆ ಎಂಇಎನ್4 ಎಂಬ ಹೆಸರು ಬಂತು. ಈ ಎಳೆಗಳು ಬಂದು ಕೂಡಿಕೊಳ್ಳುವ ರೀತಿ ನನಗೆ ಇಡೀ ಕ್ಷೇತ್ರದಲ್ಲೇ ಅತ್ಯಂತ ತೃಪ್ತಿ ಕೊಡುವ ಸಂಗತಿ.

ಮೆನಿನ್ ಅನ್ನು ಒಳ್ಳೆಯವರ ಪಟ್ಟಿಗೆ ಸೇರಿಸಿ ಸುಮ್ಮನಾಗುವಂತಿಲ್ಲ. ಕೆಲವು ಬಗೆಯ ರಕ್ತದ ಕ್ಯಾನ್ಸರ್‌ನಲ್ಲಿ ಇದೇ ಮೆನಿನ್, ಇದೇ ಗುರುತು ಹಾಕುವ ತಂಡದ ಕೆಟ್ಟುಹೋದ ಸದಸ್ಯನೊಬ್ಬನಿಗೆ ಊರುಗೋಲಾಗಿ ನಿಂತು ರೋಗ ಬೆಳೆಸುತ್ತದೆ. ಆ ಹಿಡಿತ ಬಿಡಿಸುವ ರೆವ್ಯುಮೆನಿಬ್ ಎಂಬ ಗುಳಿಗೆಗೆ 2024ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿತು. ಒಂದು ಅಂಗದಲ್ಲಿ ಇಲ್ಲದಿರುವುದೇ ರೋಗ, ಇನ್ನೊಂದರಲ್ಲಿ ಇರುವುದನ್ನು ತಡೆಯುವುದೇ ಮದ್ದು. ಓದನ್ನು ನಿಯಂತ್ರಿಸುವ ಜೀನ್‌ಗಳ ವಿಷಯದಲ್ಲಿ ಇದು ಅಚ್ಚರಿಯೂ ಅಲ್ಲ. ಎಲ್ಲವೂ ಯಾವ ಪುಟ ತೆರೆದಿದೆ ಎಂಬುದರ ಮೇಲೆ ನಿಂತಿದೆ.

ತುದಿಗಳ ಲೆಕ್ಕ

ಡ್ಯಾಕ್ಸ್‌ಗೆ ಮರಳೋಣ. ಅದು ಮತ್ತು ಎಟಿಆರ್‌ಎಕ್ಸ್ ಸೇರಿ ಒಂದು ವಿಶೇಷ ಬಗೆಯ ಹಿಸ್ಟೋನ್ ಅನ್ನು ವರ್ಣತಂತುಗಳ ತುದಿಯಲ್ಲಿ, ಅಂದರೆ ಟೆಲೊಮಿಯರ್‌ನಲ್ಲಿ, ಕೂರಿಸುತ್ತವೆ. ಕೋಶ ವಿಭಜನೆಯಾದಾಗಲೆಲ್ಲ ಟೆಲೊಮಿಯರ್ ತುಸು ಸವೆಯುತ್ತದೆ. ಅಂಕೆಯಿಲ್ಲದೆ ಬೆಳೆಯಬೇಕಾದ ಕ್ಯಾನ್ಸರ್‌ಗೆ ಈ ಸವೆತ ತೊಡಕು. ಬಹುಪಾಲು ಕ್ಯಾನ್ಸರ್‌ಗಳು ಟೆಲೊಮರೇಸ್ ಎಂಬ ಕಿಣ್ವವನ್ನು ಎಬ್ಬಿಸಿಕೊಂಡು ತುದಿ ಕಟ್ಟಿಕೊಳ್ಳುತ್ತವೆ. ಡ್ಯಾಕ್ಸ್ ಅಥವಾ ಎಟಿಆರ್‌ಎಕ್ಸ್ ಕಳೆದುಕೊಂಡ ಗೆಡ್ಡೆಗಳದು ಅಡ್ಡದಾರಿ: ಒಂದು ವರ್ಣತಂತುವಿನ ತುದಿಯನ್ನು ನೋಡಿ ಇನ್ನೊಂದರ ತುದಿ ನಕಲು ಮಾಡಿಕೊಳ್ಳುತ್ತವೆ. ಟೆಲೊಮಿಯರ್‌ಗೆ ಮಾತ್ರ ಅಂಟುವ ಹೊಳೆಯುವ ಬಣ್ಣ ಹಾಕಿ ನೋಡಿದರೆ ಮಾಮೂಲಿ ಕೋಶದಲ್ಲಿ ಎಳ್ಳಿನಷ್ಟು ಸಣ್ಣ ಮಂಕು ಚುಕ್ಕೆಗಳಿದ್ದರೆ, ಇಂಥ ಗೆಡ್ಡೆಯ ಕೋಶದಲ್ಲಿ ಅಲ್ಲೊಂದು ಇಲ್ಲೊಂದು ದಪ್ಪ ಚುಕ್ಕೆ ಕಣ್ಣಿಗೆ ಹೊಡೆಯುವಂತೆ ಬೆಳಗುತ್ತದೆ. ತುದಿ ನಕಲು ಮಾಡಿಕೊಳ್ಳುವ ಈ ಅಡ್ಡದಾರಿಯನ್ನು ಎಎಲ್‌ಟಿ ಎನ್ನುತ್ತಾರೆ.

ಇದು ರೋಗಿಗೆ ಒಳ್ಳೆಯದೋ ಕೆಟ್ಟದ್ದೋ? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಮೊದಮೊದಲು ಉತ್ತರಗಳು ಒಂದಕ್ಕೊಂದು ತಾಳೆಯಾಗಲಿಲ್ಲ. 2011ರ ಅಧ್ಯಯನದಲ್ಲಿ ಈ ದೋಷಗಳಿದ್ದವರು ಹೆಚ್ಚು ಕಾಲ ಬದುಕಿದ್ದರು. 2014ರ ಹೊತ್ತಿಗೆ ಬಂದ ಕೆಲಸ ತದ್ವಿರುದ್ಧ ಹೇಳಿತು: ಡ್ಯಾಕ್ಸ್ ಅಥವಾ ಎಟಿಆರ್‌ಎಕ್ಸ್ ಕಳೆದುಕೊಂಡ ಗೆಡ್ಡೆಗಳಲ್ಲಿ ವರ್ಣತಂತುಗಳು ಅಸ್ತವ್ಯಸ್ತವಾಗಿವೆ, ರೋಗಿಗಳು ಬೇಗ ಹದಗೆಡುತ್ತಾರೆ. ಇಬ್ಬರೂ ಸುಳ್ಳು ಹೇಳಿರಲಿಲ್ಲ. ನೋಡಿದ ರೋಗಿಗಳು ಬೇರೆ ಎಂದು ನನ್ನ ಓದು. ರೋಗ ಆಗಲೇ ಹರಡಿರುವವರ ಗುಂಪಿನಲ್ಲಿ ಈ ದೋಷ 'ಇದು ನಿಧಾನ ಕುಲದ ಗೆಡ್ಡೆ' ಎಂದು ಸೂಚಿಸುತ್ತದೆ, ಹಾಗಾಗಿ ಒಳ್ಳೆಯದಾಗಿ ಕಾಣುತ್ತದೆ. ರೋಗ ಇನ್ನೂ ಮೂಲ ಜಾಗದಲ್ಲೇ ಇರುವವರಲ್ಲಿ ಅದೇ ದೋಷ, ಈ ಗೆಡ್ಡೆ ಮುಂದೆ ಹರಡುವ ಜಾತಿಯದು ಎಂದು ಹೇಳುತ್ತದೆ. ಗುರುತು ಒಂದೇ, ಅದನ್ನು ಯಾವ ಸಾಲಿನಲ್ಲಿ ನಿಲ್ಲಿಸಿ ನೋಡುತ್ತೀರಿ ಎಂಬುದರ ಮೇಲೆ ಅರ್ಥ. ಜೀನ್ ಪರೀಕ್ಷೆಯ ವರದಿಯಲ್ಲಿ 'ಉತ್ತಮ ಮುನ್ಸೂಚನೆ' ಎಂಬ ಒಂದೇ ಸಾಲು ಓದಿ ನಿಟ್ಟುಸಿರು ಬಿಡುವವರು ಇದನ್ನು ಗಮನದಲ್ಲಿಟ್ಟುಕೊಂಡರೆ ಒಳ್ಳೆಯದು.

ಈ ವಿಷಯ ದಿನನಿತ್ಯದ ನಿರ್ಧಾರಕ್ಕೂ ಬರುತ್ತದೆ. ಹಾರ್ಮೋನ್ ಸುರಿಸದ, ಎರಡು ಸೆಂಟಿಮೀಟರಿಗಿಂತ ಸಣ್ಣ ಮೇದೋಜೀರಕದ ಗೆಡ್ಡೆ ಸಿಕ್ಕರೆ ಕತ್ತರಿಸದೆ ಕಾದು ನೋಡಬಹುದು ಎಂದು ಮಾರ್ಗಸೂಚಿಗಳು ಹೇಳುತ್ತವೆ. ಬರೀ ಅಳತೆ ನಂಬಿ ಕೂರುವುದು ಎಷ್ಟು ಸರಿ? 2019ರಲ್ಲಿ ಗೆಡ್ಡೆಗಳಲ್ಲಿ ಯಾವ ಪುಟಗಳು ತೆರೆದಿವೆ ಎಂದು ನೋಡಿದ ಸಂಶೋಧಕರಿಗೆ ಎರಡು ಬಗೆ ಕಂಡವು. ಒಂದರಲ್ಲಿ ಗ್ಲುಕಗಾನ್ ತಯಾರಿಸುವ ಆಲ್ಫಾ ಕೋಶಗಳಂತೆ ಎಆರ್‌ಎಕ್ಸ್ ಜೀನ್ ಓದಿಸಿಕೊಳ್ಳುತ್ತಿತ್ತು, ಇನ್ನೊಂದರಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಂತೆ ಪಿಡಿಎಕ್ಸ್1. ಶಸ್ತ್ರಚಿಕಿತ್ಸೆಯ ನಂತರ ಮರುಕಳಿಸಿದ್ದು ಬಹುತೇಕ ಎಆರ್‌ಎಕ್ಸ್ ಬಗೆಯ, ಅದರಲ್ಲೂ ಎಎಲ್‌ಟಿ ಇದ್ದ ಗೆಡ್ಡೆಗಳು. ಮುಂದೆ ಇನ್ನೂ ದೊಡ್ಡ ಸಂಗ್ರಹವನ್ನು ಪರೀಕ್ಷಿಸಿದವರು, ಗೆಡ್ಡೆಯ ಗಾತ್ರ ಎಷ್ಟೇ ಇರಲಿ, ಕೋಶ ಆಲ್ಫಾವನ್ನು ಹೋಲಲಿ ಬೀಟಾವನ್ನು ಹೋಲಲಿ, ಎಎಲ್‌ಟಿ ತಾನೇ ಸ್ವತಂತ್ರವಾಗಿ ತೂಗುತ್ತದೆ ಎಂದರು. ಶಸ್ತ್ರಚಿಕಿತ್ಸೆಗೆ ಮೊದಲೇ ಸೂಜಿಯಿಂದ ತೆಗೆದ ತುಣುಕಿನಲ್ಲೂ ಇದನ್ನು ನೋಡಬಹುದು. ನನ್ನ ಅಭಿಪ್ರಾಯದಲ್ಲಿ ಎರಡು ಸೆಂಟಿಮೀಟರಿನ ಗೆರೆಗಿಂತ ಇದು ಹೆಚ್ಚು ಅರ್ಥವಿರುವ ಗೆರೆ.

ಓದನ್ನೇ ಗುರಿಯಾಗಿಸಿದ ಚಿಕಿತ್ಸೆ

ಜೀನ್ ಎಕ್ಸ್‌ಪ್ರೆಶನ್ ಎಂದರೆ ಪ್ರಯೋಗಾಲಯದ ಬಾಬತ್ತು ಎನ್ನುವವರು ಗ್ಯಾಲಿಯಂ ಸ್ಕ್ಯಾನಿನ ಒಂದು ಚಿತ್ರ ನೋಡಬೇಕು. ಮೊದಲ ಕುಲದ ಹೆಚ್ಚಿನ ಗೆಡ್ಡೆಗಳು ಎಸ್‌ಎಸ್‌ಟಿಆರ್2 ಎಂಬ ಜೀನನ್ನು ಜೋರಾಗಿ ಓದುತ್ತವೆ. ಸೊಮ್ಯಾಟೊಸ್ಟ್ಯಾಟಿನ್ ಹಾರ್ಮೋನನ್ನು ಹಿಡಿಯುವ ಕೊಕ್ಕೆಯೊಂದು ಅದರಿಂದ ತಯಾರಾಗಿ ಕೋಶದ ಮೈಮೇಲೆ ಮೂಡುತ್ತದೆ. ಆ ಹಾರ್ಮೋನಿನ ನಕಲಿಗೆ ವಿಕಿರಣ ಸೂಸುವ ಗ್ಯಾಲಿಯಂ ಕಟ್ಟಿ ರಕ್ತಕ್ಕೆ ಬಿಟ್ಟರೆ ಕೊಕ್ಕೆ ಇದ್ದಲ್ಲೆಲ್ಲ ಹೋಗಿ ಕೂರುತ್ತದೆ, ಪರದೆಯ ಮೇಲೆ ಗೆಡ್ಡೆಗಳು ಕಪ್ಪು ಮಸಿ ಬಿದ್ದಂತೆ ಕಾಣುತ್ತವೆ. ಆ ಚಿತ್ರ ನಿಜಕ್ಕೂ ಒಂದು ಜೀನ್ ಮೈಯಲ್ಲಿ ಎಲ್ಲೆಲ್ಲಿ ಓದಿಸಿಕೊಳ್ಳುತ್ತಿದೆ ಎಂಬುದರ ನಕ್ಷೆ. ಗ್ಯಾಲಿಯಂ ತೆಗೆದು ಅದೇ ಜಾಗದಲ್ಲಿ ಕೋಶವನ್ನು ಕೊಲ್ಲುವಷ್ಟು ವಿಕಿರಣವಿರುವ ಲುಟೀಷಿಯಂ ಕಟ್ಟಿದರೆ ಅದೇ ಮದ್ದು. 229 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ನೆಟ್ಟರ್-1 ಪ್ರಯೋಗದಲ್ಲಿ, 20 ತಿಂಗಳ ಹೊತ್ತಿಗೆ ರೋಗ ಮುಂದುವರಿಯದೆ ಉಳಿದವರು ಲುಟೀಷಿಯಂ ಪಡೆದವರಲ್ಲಿ ನೂರಕ್ಕೆ 65.2, ಹೆಚ್ಚಿನ ಪ್ರಮಾಣದ ಆಕ್ಟ್ರಿಯೊಟೈಡ್ ಚುಚ್ಚುಮದ್ದು ಮಾತ್ರ ಪಡೆದವರಲ್ಲಿ 10.8.

ಇಲ್ಲೊಂದು ವಿಷಯ ಗಮನಿಸಿ. ಎಸ್‌ಎಸ್‌ಟಿಆರ್2 ಜೀನಿನಲ್ಲಿ ಯಾವ ದೋಷವೂ ಇಲ್ಲ. ಡಿಎನ್‌ಎ ಅಕ್ಷರಗಳನ್ನು ಎಷ್ಟು ಸಲ ತಿರುವಿ ಹಾಕಿದರೂ ಈ ಚಿಕಿತ್ಸೆಯ ಗುರಿ ಅಲ್ಲಿ ಕಾಣುತ್ತಿರಲಿಲ್ಲ. ತದ್ವಿರುದ್ಧ ಉದಾಹರಣೆ ಎವೆರೊಲಿಮಸ್. ಇದು ಎಂಟಾರ್ ಎಂಬ ಬೆಳವಣಿಗೆಯ ಸರಪಳಿಯನ್ನು ತಡೆಯುವ ಗುಳಿಗೆ. 2011ರ ಪ್ರಯೋಗದಲ್ಲಿ ಅದು ಮೇದೋಜೀರಕದ ಗೆಡ್ಡೆಗಳ ಬೆಳವಣಿಗೆಯನ್ನು ಸರಾಸರಿ 11 ತಿಂಗಳು ತಡೆದಿತ್ತು, ಹುಸಿಗುಳಿಗೆ ನುಂಗಿದವರಲ್ಲಿ 4.6 ತಿಂಗಳು. ಆ ಸರಪಳಿಯ ಜೀನ್‌ಗಳಲ್ಲಿ ದೋಷ ಸಿಗುವುದು ಸುಮಾರು ಏಳರಲ್ಲೊಂದು ಗೆಡ್ಡೆಯಲ್ಲಿ ಮಾತ್ರ. ಗುಳಿಗೆ ಕೊಡುವ ಮೊದಲು ಆ ದೋಷ ಇದೆಯೇ ಎಂದು ನೋಡುವ ಪದ್ಧತಿ ಬೆಳೆದೇ ಇಲ್ಲ.

ಎರಡನೆಯ ಕುಲದಲ್ಲೂ ಇದೇ ಮಾತು. ಸ್ಮಾಲ್ ಸೆಲ್ ಕ್ಯಾನ್ಸರ್‌ನ ಗೆಡ್ಡೆಗಳೆಲ್ಲ ಅಕ್ಷರದ ಮಟ್ಟದಲ್ಲಿ ಒಂದೇ ಅಚ್ಚಿನವು. ಓದಿನ ಮಟ್ಟದಲ್ಲಿ ಬೇರೆ ಬೇರೆ: ಎಎಸ್‌ಸಿಎಲ್1 ಎಂಬ ಯಜಮಾನ ಜೀನ್ ಆಳುವವು, ನ್ಯೂರೋಡಿ1 ಆಳುವವು, ಪಿಒಯು2ಎಫ್3 ಆಳುವವು. ಎಎಸ್‌ಸಿಎಲ್1 ಓದಿಸುವ ಜೀನ್‌ಗಳಲ್ಲಿ ಡಿಎಲ್‌ಎಲ್3 ಒಂದು. ಮಾಮೂಲಿ ಕೋಶದ ಹೊರಮೈಯಲ್ಲಿ ಹೆಚ್ಚುಕಡಿಮೆ ಕಾಣದ ಆ ಪ್ರೋಟೀನು ಈ ಕ್ಯಾನ್ಸರ್‌ನಲ್ಲಿ ಹೊರಗೆ ಬಂದು ಕೂರುತ್ತದೆ. ಅದನ್ನು ಒಂದು ಕೈಯಲ್ಲಿ, ರೋಗನಿರೋಧಕ ಕೋಶವನ್ನು ಇನ್ನೊಂದು ಕೈಯಲ್ಲಿ ಹಿಡಿದು ಎದುರುಬದುರು ನಿಲ್ಲಿಸುವ ಟಾರ್ಲಟಮ್ಯಾಬ್‌ಗೆ 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಇನ್ನೂ ವಿಚಿತ್ರವಾದದ್ದಿದೆ. ಇಜಿಎಫ್‌ಆರ್ ಎಂಬ ಜೀನಿನ ದೋಷವಿರುವ ಶ್ವಾಸಕೋಶದ ಮಾಮೂಲಿ ಕ್ಯಾನ್ಸರ್‌ಗೆ ಆ ದೋಷವನ್ನೇ ಗುರಿಯಾಗಿಸಿದ ಗುಳಿಗೆ ಕೊಟ್ಟಾಗ ಕೆಲವು ರೋಗಿಗಳಲ್ಲಿ ಗೆಡ್ಡೆ ವೇಷ ಬದಲಿಸಿ ಸ್ಮಾಲ್ ಸೆಲ್ ಆಗಿಬಿಡುತ್ತದೆ. ಮತ್ತೆ ಬಯಾಪ್ಸಿ ಮಾಡಿ ನೋಡಿದರೆ ಮೂಲ ಇಜಿಎಫ್‌ಆರ್ ದೋಷ ಹಾಗೇ ಇದೆ, ಆರ್‌ಬಿ1 ಹೋಗಿದೆ, ಮತ್ತು ಕೋಶ ಇಜಿಎಫ್‌ಆರ್ ಪುಟವನ್ನು ಓದುವುದನ್ನೇ ಬಿಟ್ಟಿದೆ. ಗುಳಿಗೆ ಹುಡುಕಿಕೊಂಡು ಹೋಗುವ ವಿಳಾಸದಲ್ಲಿ ಯಾರೂ ಇಲ್ಲ.

ಕೆಟ್ಟ ಬೀಜದಿಂದ ಬಂದ ಬೆಳೆ

ಓದನ್ನು ಅಳೆಯುವುದು ಅಕ್ಷರ ಎಣಿಸಿದಷ್ಟು ಸಲೀಸಲ್ಲ. ಡಿಎನ್‌ಎ ಗಟ್ಟಿ; ಜೀನ್ ಓದಿಸಿಕೊಂಡಾಗ ಹುಟ್ಟುವ ನಕಲು ಪ್ರತಿಯಾದ ಆರ್‌ಎನ್‌ಎ ನಾಜೂಕು. ಗೆಡ್ಡೆಯನ್ನು ಫಾರ್ಮಲಿನ್‌ನಲ್ಲಿ ಮುಳುಗಿಸಿ ಮೇಣದಲ್ಲಿಟ್ಟ ಮೇಲೆ ಆರ್‌ಎನ್‌ಎ ಚೂರುಚೂರಾಗುತ್ತದೆ. ಯಕೃತ್ತಿಗೆ ಹರಡಿದ ಗೆಡ್ಡೆಯ ತುಣುಕನ್ನು ಅರೆದು ಓದಿದರೆ ಅದರ ಜೊತೆ ಬಂದ ಯಕೃತ್ತಿನ ಕೋಶಗಳ ಜೀನ್‌ಗಳೂ ದನಿಗೂಡಿಸುತ್ತವೆ, ಅದನ್ನೇ ಗೆಡ್ಡೆಯ ಹೊಸ 'ಉಪವರ್ಗ' ಎಂದುಕೊಳ್ಳುವ ಅಪಾಯವಿದೆ. ಒಂದೊಂದು ಕೋಶವನ್ನೂ ಬಿಡಿಸಿ ಓದುವ ತಂತ್ರಗಳು ಬಂದಿರುವುದರಿಂದ ಈ ತೊಡಕು ಕಡಿಮೆಯಾಗುತ್ತಿದೆ.

ಆದರೆ ಈ ಕ್ಷೇತ್ರಕ್ಕೆ ಬಿದ್ದ ದೊಡ್ಡ ಪೆಟ್ಟು ತಂತ್ರದ್ದಲ್ಲ. ನಿಧಾನಕ್ಕೆ ಬೆಳೆಯುವ ಈ ಗೆಡ್ಡೆಗಳನ್ನು ಗಾಜಿನ ತಟ್ಟೆಯಲ್ಲಿ ಸಾಕುವುದು ಬಹಳ ಕಷ್ಟ. ಹಾಗಾಗಿ ತಟ್ಟೆಯಲ್ಲಿ ಬೆಳೆಯುತ್ತಿದ್ದ ಕೆಲವೇ ಕೋಶ ಸಂತತಿಗಳ ಮೇಲೆ ಎಲ್ಲರೂ ಮುಗಿಬಿದ್ದಿದ್ದರು. ಕೆಆರ್‌ಜೆ-ಐ, ಎಲ್-ಎಸ್‌ಟಿಎಸ್, ಎಚ್-ಎಸ್‌ಟಿಎಸ್ ಎಂಬ ಮೂರು, ಸಣ್ಣ ಕರುಳಿನ ಗೆಡ್ಡೆಯಿಂದ ಬಂದವು ಎಂದು ಹೆಸರಾಗಿದ್ದವು. 2018ರಲ್ಲಿ ಒಂದು ತಂಡ ಅವುಗಳ ಜೀನ್ ಎಕ್ಸ್‌ಪ್ರೆಶನ್ ನೋಡಿತು. ನ್ಯೂರೋಎಂಡೋಕ್ರೈನ್ ಕೋಶ ಓದಬೇಕಾದ ಯಾವ ಪುಟವೂ ತೆರೆದಿರಲಿಲ್ಲ. ಅವು ಗೆಡ್ಡೆಯ ಕೋಶಗಳೇ ಅಲ್ಲ. ಎಪ್‌ಸ್ಟೀನ್-ಬಾರ್ ವೈರಸ್ ಹೊಕ್ಕು ಸಾವಿಲ್ಲದಂತಾದ ಬಿಳಿ ರಕ್ತಕಣಗಳು. ಗೆಡ್ಡೆಯ ತುಣುಕಿನ ಜೊತೆ ತಟ್ಟೆಗೆ ಬಂದ ಕಣಗಳು ಬೆಳೆದು, ಗೆಡ್ಡೆಯ ಕೋಶಗಳು ಸತ್ತು, ಹೆಸರು ಮಾತ್ರ ಉಳಿದಿತ್ತು ಎಂದುಕೊಳ್ಳಬಹುದು. ಅದೆಷ್ಟೋ ಪ್ರಬಂಧಗಳು ಈ ಬಿಳಿ ರಕ್ತಕಣಗಳ ಮೇಲೆ ಔಷಧ ಪರೀಕ್ಷಿಸಿ ಕರುಳಿನ ಗೆಡ್ಡೆಯ ಬಗ್ಗೆ ತೀರ್ಮಾನ ಕೊಟ್ಟಿವೆ. ಹುತ್ತ ಬಡಿದದ್ದೇ ಬಂತು. ಇವು ಪ್ರಯೋಗಾಲಯಗಳಲ್ಲಿ ಅಷ್ಟು ವರ್ಷ ಓಡಾಡಿದ್ದೇ ನನಗೆ ಬೇಸರದ ಸಂಗತಿ, ಏಕೆಂದರೆ ಎಸ್‌ಎಸ್‌ಟಿಆರ್2 ಇದೆಯೇ, ಹಾರ್ಮೋನ್ ಬರುತ್ತಿದೆಯೇ ಎಂದು ಒಮ್ಮೆ ಕೇಳಿದ್ದರೆ ಸಾಕಿತ್ತು. ಈಗ ರೋಗಿಗಳ ಗೆಡ್ಡೆಯಿಂದಲೇ ಮೂರು ಆಯಾಮದಲ್ಲಿ ಬೆಳೆಸಿದ ಆರ್ಗನಾಯ್ಡ್‌ಗಳು ಬರುತ್ತಿವೆ. 2020ರ ನಂತರದ ಕೆಲಸ ಹೆಚ್ಚು ನಂಬಿಕೆಗೆ ಅರ್ಹವಾಗಿರುವುದಕ್ಕೆ ಅದೂ ಒಂದು ಕಾರಣ.

ರಕ್ತದಲ್ಲಿ 51 ಜೀನ್‌ಗಳ ಓದನ್ನು ಅಳೆದು ಗೆಡ್ಡೆಯ ಚಟುವಟಿಕೆ ಹೇಳುವ ಪರೀಕ್ಷೆಯೊಂದೂ ಇದೆ. ರಕ್ತದಲ್ಲಿ ಕ್ರೋಮೋಗ್ರಾನಿನ್-ಎ ಎಂಬ ಪ್ರೋಟೀನನ್ನು ಅಳೆಯುವ ಹಳೆಯ ಪರೀಕ್ಷೆಯ ಅಂಕಿ, ಹೊಟ್ಟೆಯುರಿಗೆ ನುಂಗುವ ಸಾಮಾನ್ಯ ಗುಳಿಗೆಗಳಿಂದಲೇ ಏರಿಬಿಡುತ್ತದೆ, ಹಾಗಾಗಿ ಹೊಸದೊಂದು ಬೇಕಿರುವುದು ನಿಜ. ಒಂದೇ ಅಳತೆಯನ್ನು ಎಲ್ಲರಿಗೂ ಹಾಕುವ ಮೊದಲು ಅದು ಸ್ವತಂತ್ರ ಕೈಗಳಲ್ಲಿ ಇನ್ನಷ್ಟು ಪಳಗಲಿ ಎಂಬ ಎಚ್ಚರಿಕೆ ನನ್ನದು.

ಯಾರಿಗೆ ಯಾವ ಪರೀಕ್ಷೆ

ಗೆಡ್ಡೆಯ ಜೀನ್ ಪರೀಕ್ಷೆ ಬೇರೆ, ಹುಟ್ಟಿನಿಂದ ಬಂದ ಜೀನ್ ಪರೀಕ್ಷೆ ಬೇರೆ. ಮೊದಲನೆಯದಕ್ಕೆ ಗೆಡ್ಡೆಯ ತುಣುಕು ಬೇಕು, ಎರಡನೆಯದಕ್ಕೆ ರಕ್ತ ಅಥವಾ ಎಂಜಲು ಸಾಕು. ಗೆಡ್ಡೆಯಲ್ಲಿ ಎಂಇಎನ್1 ಮುರಿದಿದೆ ಎಂದಾಕ್ಷಣ ಮಕ್ಕಳಿಗೂ ಬಂತು ಎಂದು ಹೆದರಬೇಕಿಲ್ಲ. ಹೆಚ್ಚಿನವರಲ್ಲಿ ಅದು ಆ ಗೆಡ್ಡೆಯೊಳಗೆ ಮಾತ್ರ ಆದದ್ದು. ರಕ್ತದಲ್ಲೂ ಇದ್ದರೆ ಮಾತು ಬೇರೆ: ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಅಡ್ರಿನಲ್ ಗ್ರಂಥಿಯ ಫಿಯೋಕ್ರೊಮೊಸೈಟೋಮಾ ಮತ್ತು ಅದರ ನೆಂಟ ಪ್ಯಾರಾಗ್ಯಾಂಗ್ಲಿಯೋಮಾ ಬಂದವರಲ್ಲಿ ಮೂರರಲ್ಲೊಬ್ಬರಿಗಾದರೂ ದೋಷ ಹುಟ್ಟಿನದು, ಹಾಗಾಗಿ ಅವರೆಲ್ಲರಿಗೂ ಪರೀಕ್ಷೆಯ ಅವಕಾಶ ಕೊಡಬೇಕೆಂಬುದು ಈಗಿನ ಶಿಫಾರಸು. ಚಿಕ್ಕ ವಯಸ್ಸಿನಲ್ಲೇ ಗೆಡ್ಡೆ ಬಂದವರು, ಒಂದಕ್ಕಿಂತ ಹೆಚ್ಚು ಗ್ರಂಥಿಯಲ್ಲಿ ಬಂದವರು, ಕ್ಯಾಲ್ಸಿಯಂ ಏರಿ ಪ್ಯಾರಾಥೈರಾಯ್ಡ್ ತೊಂದರೆ ಇರುವವರು ಕೇಳಿಯೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ ಮತ್ತೆ ಸಣ್ಣ ಕರುಳು. ಇಲ್ಲಿ ಹಲವು ರೋಗಿಗಳಲ್ಲಿ ಒಂದೇ ಗೆಡ್ಡೆ ಇರುವುದಿಲ್ಲ. ಒಂದು ಗೇಣಿನಷ್ಟು ಕರುಳಿನಲ್ಲಿ ಮಣಿ ಪೋಣಿಸಿದಂತೆ ಐದಾರು, ಕೆಲವೊಮ್ಮೆ ಹತ್ತಾರು. ಒಂದರಿಂದ ಸಿಡಿದ ಬೀಜಗಳು ಉಳಿದವು ಎಂದು ಯಾರಿಗಾದರೂ ಅನಿಸುತ್ತದೆ. ಅವುಗಳ ಇಡೀ ಜೀನೋಮ್ ಓದಿ 2021ರಲ್ಲಿ ಪ್ರಕಟಿಸಿದ ಸಂಶೋಧಕರಿಗೆ ಕಂಡದ್ದು ಬೇರೆ: ಈ ಗೆಡ್ಡೆಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಬೇರೆ ಬೇರೆಯಾಗಿ ಹುಟ್ಟಿದ್ದವು. 18ನೇ ವರ್ಣತಂತು ಕಳೆದುಕೊಂಡ ರೀತಿಯೂ ಅದನ್ನೇ ಹೇಳುತ್ತದೆ. ಒಬ್ಬರದೇ ಕರುಳಿನಲ್ಲಿ ಒಂದು ಗೆಡ್ಡೆ ತಾಯಿಯಿಂದ ಬಂದ ಪ್ರತಿಯನ್ನು ಕಳೆದುಕೊಂಡಿದ್ದರೆ, ಪಕ್ಕದ್ದು ತಂದೆಯಿಂದ ಬಂದದ್ದನ್ನು ಕಳೆದುಕೊಂಡಿರುತ್ತದೆ. ಅಂದರೆ ವರ್ಣತಂತು ಹೋದದ್ದು ಆರಂಭವಲ್ಲ. ಅದಕ್ಕೂ ಮೊದಲು ಆ ಗೇಣುದ್ದದ ಕರುಳಿನ ಎಷ್ಟೋ ಕೋಶಗಳನ್ನು ಒಂದೇ ದಾರಿಗೆ ತಳ್ಳಿದ್ದು ಬೇರೇನೋ ಇರಬೇಕು, ಮತ್ತು ಅದು ಅಕ್ಷರದಲ್ಲಿ ಬರೆದಿಲ್ಲ. ಹಾಗಾಗಿ ಹುಡುಕುವವರ ಕಣ್ಣು ಈಗ ಗೆಡ್ಡೆಗಳನ್ನು ಬಿಟ್ಟು, ಎರಡು ಗೆಡ್ಡೆಗಳ ನಡುವೆ ಆರೋಗ್ಯವಾಗಿಯೇ ಕಾಣುವ ಆ ಎರಡು ಬೆರಳಗಲದ ಕರುಳಿನ ಮೇಲೂ ಬೀಳಬೇಕಾಗಿದೆ.